ಮುದ್ರೆಯಿಲ್ಲದ ಹಿತ್ತಾಳೆ ರಿವಾಲ್ವರ್: ಯಾರು ಮಾಡಿದ್ದು, ಯಾವ ಗುಂಡು ಹಿಡಿಯುತ್ತದೆ?

ವಸ್ತು ಇಷ್ಟು. ಆರು ಈಡಿನ ಕೇಪಿನ ರಿವಾಲ್ವರ್. ಫ್ರೇಮು ಹಿತ್ತಾಳೆಯದು. ನಳಿಗೆ ಎಂಟು ಮೂಲೆಯದು, ಏಳೂವರೆ ಇಂಚು ಉದ್ದ. ವಾಲ್‌ನಟ್ ಮರದ ಹಿಡಿ. ಉಕ್ಕಿನ ಭಾಗಗಳೆಲ್ಲ ಕಂದು ಬಣ್ಣಕ್ಕೆ ತಿರುಗಿದ್ದವು. ಸಿಲಿಂಡರಿನ ಸುತ್ತ ಹಡಗುಗಳ ಕಾಳಗದ ಚಿತ್ರವಿತ್ತು, ಅರ್ಧಂಬರ್ಧ ಸವೆದಿತ್ತು. ಕಂಪನಿಯ ಹೆಸರಿಲ್ಲ, ಊರಿಲ್ಲ, ಸೀರಿಯಲ್ ನಂಬರಿಲ್ಲ. ಕ್ಯಾಲಿಬರ್, ಅಂದರೆ ನಳಿಗೆಯ ತೂತಿನ ಅಳತೆ, ಎಷ್ಟು ಅನ್ನುವುದೂ ಎಲ್ಲೂ ಬರೆದಿರಲಿಲ್ಲ.

ಇದು ಸಿಕ್ಕಿದ್ದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಗೆಟ್ಟಿಸ್‌ಬರ್ಗ್ ಆಸುಪಾಸಿನ ಒಂದು ಊರಲ್ಲಿ. ಅಲ್ಲಿ ಹಳೆ ಮನೆ ಕೊಂಡ ನಮ್ಮ ಕನ್ನಡದ ಗೆಳೆಯರೊಬ್ಬರಿಗೆ ಅಟ್ಟದ ಪೆಟ್ಟಿಗೆಯೊಂದರಲ್ಲಿ ಕಂಡಿತು. ಮನೆ ಮಾರಿದವರನ್ನು ಕೇಳಿದರೆ 'ಅಜ್ಜನ ಕಾಲದ್ದಿರಬೇಕು, ನೀವೇ ಇಟ್ಟುಕೊಳ್ಳಿ' ಅಂದರಂತೆ. ಗೆಟ್ಟಿಸ್‌ಬರ್ಗ್ ಅಂದಮೇಲೆ ಕೇಳಬೇಕಾ? ಅಮೆರಿಕದ ಅಂತರ್ಯುದ್ಧದಲ್ಲಿ, 1863ರಲ್ಲಿ, ಕಾಳಗ ನಡೆದ ನೆಲ. ಅಲ್ಲಿ ಸಿಗುವ ಪ್ರತಿ ಹಳೆ ಕಬ್ಬಿಣಕ್ಕೂ ಒಬ್ಬ ಸೈನಿಕನ ಕಥೆ ಅಂಟಿಕೊಳ್ಳುತ್ತದೆ. ಹಿತ್ತಾಳೆ ಫ್ರೇಮು ಇದ್ದರೆ, ಉತ್ತರದ ಸರ್ಕಾರದ ವಿರುದ್ಧ ಹೋರಾಡಿದ ದಕ್ಷಿಣದ ಒಕ್ಕೂಟದವರದ್ದು ಎಂದು ಯಾರೋ ಹೇಳಿದ್ದರು. ಹಾಗಾದರೆ ಬೆಲೆ ಹತ್ತಾರು ಸಾವಿರ ಡಾಲರ್.

ನಾನೂ ಅಮೆರಿಕದಲ್ಲೇ ಇರುವವನು, ಇಲ್ಲಿನ ಒಂದು ಕ್ಲಬ್ಬಿನಲ್ಲಿ ಹವ್ಯಾಸಕ್ಕೆ ಕರಿಮದ್ದಿನ ಬಂದೂಕು ಹೊಡೆಯುವವನು. ಹಾಗಾಗಿ ನನ್ನ ಹತ್ತಿರ ಬಂತು. ಗೆಳೆಯರಿಗೆ ಬೇಕಿದ್ದದ್ದು ಎರಡು ಉತ್ತರ. ಇದು ಆ ಕಾಲದ್ದೇ? ಮತ್ತೆ, ಇದು ಎಷ್ಟರ ಗನ್ನು?

ಮೊದಲು ಮಾಡಬೇಕಾದ ಕೆಲಸ ಬೇರೆಯೇ ಇತ್ತು: ಈಡು ತುಂಬಿದೆಯಾ ನೋಡುವುದು. ಮಲೆನಾಡಿನಲ್ಲಿ ಕೇಪಿನ ಕೋವಿ ಕಂಡವರಿಗೆ ಇದರ ಕೆಲಸ ಗೊತ್ತು. ಬಾಯಿಂದ ಮದ್ದು ಸುರಿದು, ಗುಂಡು ಇಟ್ಟು, ಗಜದಿಂದ ಒತ್ತಿ, ಹಿಂದಿನ ನಿಪ್ಪಲ್ ಮೇಲೆ ತಾಮ್ರದ ಕೇಪು ಕೂರಿಸುವುದು. ಈ ರಿವಾಲ್ವರ್ ಕೂಡ ಅದೇ, ಆದರೆ ತಿರುಗುವ ಸಿಲಿಂಡರಿನಲ್ಲಿ ಮದ್ದು ಗುಂಡು ತುಂಬುವ ಆರು ತೂತು (ಚೇಂಬರ್), ಗಜ ನಳಿಗೆಯ ಕೆಳಗೆ ಲಿವರಿಗೆ ಜೋಡಿಸಿದ್ದು. ಕರಿಮದ್ದು ಒಣಗಿದ ಜಾಗದಲ್ಲಿದ್ದರೆ ಎಷ್ಟೋ ದಶಕ ಕೆಡುವುದಿಲ್ಲ. ಅಟ್ಟದಲ್ಲಿ ಸಿಕ್ಕಿದ್ದನ್ನು ಖಾಲಿ ಎಂದು ನಂಬಿ ಹ್ಯಾಮರ್ ಎಳೆದು ಬಿಡುವುದು ಹುಚ್ಚುತನ.

ನಿಪ್ಪಲ್‌ಗಳ ಮೇಲೆ ಕೇಪು ಇರಲಿಲ್ಲ. ನಳಿಗೆಯನ್ನು ಹಿಡಿದಿಡುವ ಬೆಣೆಯನ್ನು ಬಲದಿಂದ ಎಡಕ್ಕೆ ತಟ್ಟಿ ಸರಿಸಿ, ನಳಿಗೆ ಕಳಚಿ, ಸಿಲಿಂಡರ್ ಹೊರತೆಗೆದೆವು. ಮರದ ಕಡ್ಡಿ ಐದು ಚೇಂಬರಿನಲ್ಲಿ ತಳ ಮುಟ್ಟಿತು. ಆರನೆಯದರಲ್ಲಿ ಅರ್ಧಕ್ಕೇ ನಿಂತಿತು. ಒಳಗೆ ಸೀಸದ ಗುಂಡು ಕೂತಿತ್ತು! ಅದನ್ನು ಕ್ಲಬ್ಬಿನ ಅನುಭವಸ್ಥ ಗನ್‌ಸ್ಮಿತ್ ಒಬ್ಬರಿಗೆ ಕೊಟ್ಟೆವು. ಅವರು ನಿಪ್ಪಲ್ ಬಿಚ್ಚಿ, ಮದ್ದನ್ನು ಪೂರ್ತಿ ನೆನೆಸಿ, ಹಿಂದಿನಿಂದ ಹಿತ್ತಾಳೆ ಸಲಾಕೆ ಹಾಕಿ ಗುಂಡನ್ನು ಮುಂದಕ್ಕೆ ತಳ್ಳಿ ತೆಗೆದುಕೊಟ್ಟರು. ಆ ಗುಂಡನ್ನು ಜೋಪಾನವಾಗಿ ಇಟ್ಟುಕೊಂಡೆ. ಕ್ಯಾಲಿಬರ್ ಲೆಕ್ಕಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಬೇರೆ ಇರಲಿಲ್ಲ.

ಈಗ ಗುರುತಿನ ವಿಷಯ. ಮುದ್ರೆ ಇಲ್ಲದಿದ್ದರೆ ಆಕಾರವೇ ಮಾತಾಡಬೇಕು. ನೋಡಿದ ಕೂಡಲೇ ಇದು ಅಮೆರಿಕದ ರಿವಾಲ್ವರ್ ತಯಾರಕ ಸ್ಯಾಮ್ಯುಯೆಲ್ ಕೋಲ್ಟ್‌ನ 1851ರ ನೇವಿ ಮಾದರಿ ಅನ್ನಿಸುತ್ತದೆ. ಸಿಲಿಂಡರ್ ಮೇಲೆ ಫ್ರೇಮಿನ ಪಟ್ಟಿ ಇಲ್ಲ, ಎಂಟು ಮೂಲೆಯ ನಳಿಗೆ, ಹಡಗಿನ ಚಿತ್ರ. ಆ ಚಿತ್ರ 1843ರ ಮೇ 16ರಂದು ಟೆಕ್ಸಾಸ್ ನೌಕಾಪಡೆಗೂ ಮೆಕ್ಸಿಕೋದವರಿಗೂ ಕಂಪೇಚೆ ಹತ್ತಿರ ನಡೆದ ಕಾಳಗದ್ದು. ಡಬ್ಲ್ಯೂ. ಎಲ್. ಆರ್ಮ್ಸ್‌ಬಿ ಕೆತ್ತಿದ ಅಚ್ಚು. ಕೋಲ್ಟ್ ಅದನ್ನು ಸಿಲಿಂಡರ್ ಮೇಲೆ ಉರುಳಿಸಿ ಮೂಡಿಸುತ್ತಿದ್ದ. ನಕಲು ಮಾಡುವವರೂ ಅದನ್ನೇ ಮೂಡಿಸುತ್ತಾರೆ. ಹಾಗಾಗಿ ಚಿತ್ರ ಇದ್ದ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ.

ಅಸಲಿ ಕೋಲ್ಟ್ ನೇವಿ ಆಗಿರಲು ಸಾಧ್ಯವೇ? ಇಲ್ಲ. ಕೋಲ್ಟ್ ಕಂಪನಿ 1851ರ ನೇವಿಯ ಫ್ರೇಮನ್ನು ಹಿತ್ತಾಳೆಯಲ್ಲಿ ಮಾಡಿ ಮಾರಲಿಲ್ಲ. ಟ್ರಿಗರ್ ಗಾರ್ಡು, ಹಿಡಿಯ ಬೆನ್ನುಪಟ್ಟಿ ಹಿತ್ತಾಳೆ ಇರುತ್ತಿತ್ತು, ಫ್ರೇಮು ಕಬ್ಬಿಣ. ಅಸಲಿಯಲ್ಲಿ ಒಂದೇ ಸೀರಿಯಲ್ ನಂಬರು ನಳಿಗೆ, ಫ್ರೇಮು, ಗಾರ್ಡು, ಹಿಡಿಯ ಬುಡ, ಸಿಲಿಂಡರ್ ಅಂತ ಹಲವು ಕಡೆ ಇರುತ್ತದೆ, ಬೆಣೆಯ ಮೇಲೂ ಹಾಕುತ್ತಿದ್ದರು. ಇಷ್ಟು ಕಡೆ ಇದ್ದದ್ದು ಎಲ್ಲ ಕಡೆಯೂ ಒಟ್ಟಿಗೆ ಸವೆದು ಹೋಗುವುದು ನಂಬುವ ಮಾತಲ್ಲ.

ಹಾಗಾದರೆ ದಕ್ಷಿಣದವರು ಮಾಡಿದ ಕೋಲ್ಟ್ ನಕಲೇ? ಗೆಳೆಯರ ಆಸೆ ನಿಂತಿದ್ದು ಇಲ್ಲೇ. ಅಂತರ್ಯುದ್ಧದ ಕಾಲದಲ್ಲಿ ದಕ್ಷಿಣದಲ್ಲಿ ಉಕ್ಕು, ಕಬ್ಬಿಣಕ್ಕೆ ಬರ. ಜಾರ್ಜಿಯಾ ರಾಜ್ಯದ ಗ್ರಿಸ್‌ವೋಲ್ಡ್‌ವಿಲ್‌ನಲ್ಲಿ ಸ್ಯಾಮ್ಯುಯೆಲ್ ಗ್ರಿಸ್‌ವೋಲ್ಡ್ ಎಂಬಾತ ಹತ್ತಿ ಬಿಡಿಸುವ ಯಂತ್ರದ ಕಾರ್ಖಾನೆ ಇಟ್ಟಿದ್ದ. ಅರ್ವಿನ್ ಗನ್ನಿಸನ್ ಜೊತೆ ಸೇರಿ 1862ರಿಂದ ಅಲ್ಲೇ ರಿವಾಲ್ವರ್ ಮಾಡಿಸಿದ. ಕೆಲಸ ಮಾಡಿದವರಲ್ಲಿ ಬಹುಪಾಲು ಜನ ಗುಲಾಮರು. ಮೂರೂವರೆ ಸಾವಿರಕ್ಕೂ ಜಾಸ್ತಿ ತಯಾರಾದವು. 1864ರ ನವೆಂಬರಿನಲ್ಲಿ ಉತ್ತರದ ಕುದುರೆ ಪಡೆ ಬಂದು ಕಾರ್ಖಾನೆ ಸುಟ್ಟಿತು. ಈ ಗ್ರಿಸ್‌ವೋಲ್ಡ್ ರಿವಾಲ್ವರುಗಳ ಫ್ರೇಮು ಹಿತ್ತಾಳೆಯದು, ಅದು ನಿಜ. ಆದರೆ ನಳಿಗೆ ದುಂಡಗಿನದು. ಸಿಲಿಂಡರ್ ಮೇಲೆ ಚಿತ್ರ ಇಲ್ಲ. ಅದರ ಬದಲು, ಕಬ್ಬಿಣದ ಸರಳನ್ನು ತಿರುಚಿ ಗಟ್ಟಿ ಮಾಡಿದ್ದರಿಂದ, ಓರೆಯಾಗಿ ಓಡುವ ಗೆರೆಗಳು ಎಷ್ಟೋ ಸಿಲಿಂಡರುಗಳಲ್ಲಿ ಕಾಣುತ್ತವೆ. ಅಟ್ಟದ ಗನ್ನಿನಲ್ಲಿ ಇದೊಂದೂ ಇಲ್ಲ.

ಎಂಟು ಮೂಲೆಯ ನಳಿಗೆ ಮತ್ತು ಹಿತ್ತಾಳೆ ಫ್ರೇಮು ಒಟ್ಟಿಗೆ ಇದ್ದ, ಕೋಲ್ಟ್ ಮಾದರಿಯ ದಕ್ಷಿಣದ ರಿವಾಲ್ವರ್ ಒಂದು ಇದೆ. ಮೆಂಫಿಸ್‌ನ ಷ್ನೈಡರ್ ಅಂಡ್ ಗ್ಲಾಸಿಕ್ ಅವರದ್ದು. ಬೆರಳೆಣಿಕೆಯಷ್ಟೇ ಉಳಿದಿವೆ. ಗೆಳೆಯರು ಎಲ್ಲೋ ಅದರ ಹೆಸರು ಓದಿ ಮತ್ತೆ ಆಸೆ ಹತ್ತಿಸಿಕೊಂಡು ಫೋನ್ ಮಾಡಿದರು. ಆಸೆ ಮುರಿದದ್ದು ಸಿಲಿಂಡರಿನ ಆಕಾರ. ಅಟ್ಟದ ಗನ್ನಿನ ಸಿಲಿಂಡರ್ ಹಿಂದೆ ಸಣ್ಣ, ಮುಂದೆ ದಪ್ಪ, ನಡುವೆ ಒಂದು ಮೆಟ್ಟಿಲು. ಅದಕ್ಕೆ ಜಾಗ ಕೊಡಲು ಫ್ರೇಮಿನ ತಳದಲ್ಲೂ ಮೆಟ್ಟಿಲು ಕಡಿದಿದೆ.

ಈ ಮೆಟ್ಟಿಲಿಗೆ ಒಂದು ಚರಿತ್ರೆ ಇದೆ. 1851ರ ನೇವಿ 36ರ ಗನ್ನು, ಅಂದರೆ ನಳಿಗೆಯ ತೂತು 0.36 ಇಂಚು. ಅದರ ಸಿಲಿಂಡರ್ ಉದ್ದಕ್ಕೂ ಒಂದೇ ದಪ್ಪ. 1860ರಲ್ಲಿ ಕೋಲ್ಟ್ ಅದೇ ಗಾತ್ರದ ಫ್ರೇಮಿನಲ್ಲಿ 44ರ ಆರ್ಮಿ ರಿವಾಲ್ವರ್ ತರಬೇಕೆಂದು ಹೊರಟ. ದೊಡ್ಡ ಗುಂಡಿಗೆ ದೊಡ್ಡ ಚೇಂಬರ್ ಬೇಕು. ಇಡೀ ಸಿಲಿಂಡರ್ ದಪ್ಪ ಮಾಡಿದರೆ ಹಿಂದಿನ ಯಂತ್ರಭಾಗಕ್ಕೆ ಹೊಂದುವುದಿಲ್ಲ. ಅದಕ್ಕೇ ಗುಂಡು ಕೂರುವ ಮುಂಭಾಗ ಮಾತ್ರ ದಪ್ಪ ಮಾಡಿ, ಫ್ರೇಮನ್ನು ಅಲ್ಲಿಗೆ ತಕ್ಕಂತೆ ಕಡಿದ. ಅಂದರೆ ಮೆಟ್ಟಿಲಿನ ಸಿಲಿಂಡರ್ 1860ರ 44ಕ್ಕೆ ಸೇರಿದ್ದು. ಆ 1860ರ ನಳಿಗೆ ದುಂಡಗಿನದು, ಫ್ರೇಮು ಕಬ್ಬಿಣದ್ದು. ಗ್ರಿಸ್‌ವೋಲ್ಡ್ ಆಗಲಿ, ಮೆಂಫಿಸ್‌ನವರಾಗಲಿ ಮಾಡಿದ್ದು 36ರ ಗನ್ನು.

ಎಂಟು ಮೂಲೆಯ ನೇವಿ ನಳಿಗೆ, ಮೆಟ್ಟಿಲಿನ ಆರ್ಮಿ ಸಿಲಿಂಡರ್, ದಕ್ಷಿಣದವರ ಹಿತ್ತಾಳೆ ಫ್ರೇಮು. ಮೂರೂ ಒಂದೇ ಗನ್ನಿನಲ್ಲಿ! ಇಂಥದ್ದು 1860ರ ದಶಕದಲ್ಲಿ ಯಾವ ಕಾರ್ಖಾನೆಯಿಂದಲೂ ಬರಲಿಲ್ಲ. ಗೆಳೆಯರಿಗೆ ನಾನು ಹೇಳಿದ್ದು ಇದನ್ನೇ: ನಿಮ್ಮ ಹತ್ತಿರ ಇರುವುದು ನಕಲು, ಆದರೆ ಇದಕ್ಕೆ ಅಸಲು ಇಲ್ಲ.

ಯಾಕೆ ಇಂಥದ್ದನ್ನು ಮಾಡಿದರು ಅಂದರೆ ಉತ್ತರ ಸಿಂಪಲ್. ವ್ಯಾಪಾರ. 1961ರಿಂದ ಅಂತರ್ಯುದ್ಧದ ನೂರನೇ ವರ್ಷ. ಅದಕ್ಕೂ ಸ್ವಲ್ಪ ಮುಂಚೆ, 1950ರ ದಶಕದ ಕೊನೆಯಲ್ಲಿ, ಅಮೆರಿಕದ ನೇವಿ ಆರ್ಮ್ಸ್ ಕಂಪನಿಯ ವಾಲ್ ಫೋರ್ಜೆಟ್ ಇಟಲಿಗೆ ಹೋಗಿ ಕೋಲ್ಟ್ ನಕಲು ಮಾಡಿಸಲು ಶುರು ಮಾಡಿದ. ಬ್ರೆಶಿಯಾ ಹತ್ತಿರದ ವಾಲ್ ತ್ರೋಂಪಿಯಾ ಕಣಿವೆಯಲ್ಲಿ ಶತಮಾನಗಳಿಂದ ಬಂದೂಕು ಮಾಡುವವರಿದ್ದರು. ಉಬೆರ್ಟಿ, ಪಿಯೆಟ್ಟಾ, ಆರ್ಮಿ ಸ್ಯಾನ್ ಮಾರ್ಕೋ, ಆರ್ಮಿ ಸ್ಯಾನ್ ಪಾವೊಲೊ ಎಂಬ ಹೆಸರುಗಳೆಲ್ಲ ಆ ಸೀಮೆಯವು. ಹಿತ್ತಾಳೆ ಎರಕ ಹೊಯ್ಯುವುದು ಸುಲಭ, ಕೊರೆಯುವುದೂ ಸುಲಭ, ಹಾಗಾಗಿ ಗನ್ನು ಅಗ್ಗ. ಅಮೆರಿಕದ ಗಿರಾಕಿಗೆ ದೊಡ್ಡ ಗುಂಡು ಇಷ್ಟ. ನೋಡಲು ನೇವಿ, ಗುಂಡು 44, ಬೆಲೆ ಕಡಿಮೆ. ಸಾವಿರಗಟ್ಟಲೆ ಹೋದವು, ಇವತ್ತಿಗೂ ಹೋಗುತ್ತಿವೆ.

ಇಷ್ಟು ಸಾಕಿತ್ತು. ಆದರೂ ಆಕಾರದ ವಾದವನ್ನು ಮಾತ್ರ ನೆಚ್ಚಿಕೊಂಡರೆ ಯಾರಾದರೂ 'ಯಾವನೋ ಹಳ್ಳಿ ಕಮ್ಮಾರ ಬಿಡಿಭಾಗ ಸೇರಿಸಿ ಮಾಡಿರಬಹುದು' ಅನ್ನುತ್ತಾರೆ. ಅದಕ್ಕೆ ಸ್ಕ್ರೂಗಳನ್ನು ನೋಡಿದೆವು. ನಿಪ್ಪಲ್ ಬಿಚ್ಚಿಯೇ ಇತ್ತಲ್ಲ. ಥ್ರೆಡ್ ಗೇಜ್ ಇಟ್ಟರೆ 6 ಮಿಲಿಮೀಟರ್ ದಪ್ಪ, ಸುತ್ತಿನಿಂದ ಸುತ್ತಿಗೆ 0.75 ಮಿಲಿಮೀಟರ್. ಇದು ಇಟಲಿಯ ನಕಲುಗಳಲ್ಲಿ ಮಾಮೂಲಿ ನಿಪ್ಪಲ್ ಅಳತೆ. 1863ರ ಜಾರ್ಜಿಯಾದಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಥ್ರೆಡ್ ಕೊಯ್ಯುವ ಕಮ್ಮಾರ ಇದ್ದ ಅಂತ ನಂಬಬೇಕಾದರೆ ಬಹಳ ಭಕ್ತಿ ಬೇಕು. ನನ್ನ ಅನುಭವದಲ್ಲಿ ಮುದ್ರೆಯಿಲ್ಲದ ಗನ್ನಿನ ವಿಷಯದಲ್ಲಿ ಇದಕ್ಕಿಂತ ಬೇಗ ಜಗಳ ಮುಗಿಸುವ ಪರೀಕ್ಷೆ ಇಲ್ಲ. ಬಣ್ಣ ಬದಲಿಸಬಹುದು, ಅಕ್ಷರ ಉಜ್ಜಬಹುದು. ಥ್ರೆಡ್ ಬದಲಿಸುವ ಗೋಜಿಗೆ ಯಾರೂ ಹೋಗುವುದಿಲ್ಲ.

ಮುದ್ರೆ ಎಲ್ಲಿ ಹೋಯಿತು ಅನ್ನುವ ಪ್ರಶ್ನೆ ಉಳಿಯಿತು. ಇಟಲಿಯಲ್ಲಿ ತಯಾರಾದ ಪ್ರತಿ ಗನ್ನೂ ಗಾರ್ದೋನೆ ವಾಲ್ ತ್ರೋಂಪಿಯಾದ ಸರ್ಕಾರಿ ಪರೀಕ್ಷಾ ಕೇಂದ್ರಕ್ಕೆ ಹೋಗಬೇಕು. ಅಲ್ಲಿ ಜಾಸ್ತಿ ಮದ್ದು ಹಾಕಿ ಹೊಡೆದು ನೋಡಿ, ಪಾಸಾದರೆ ಮುದ್ರೆ ಒತ್ತುತ್ತಾರೆ. ಕರಿಮದ್ದಿನ ಗನ್ನಿಗೆ ನಕ್ಷತ್ರದ ಕೆಳಗೆ 'ಪಿ ಎನ್' ಎಂಬ ರೋಮನ್ ಅಕ್ಷರಗಳು. ಪಕ್ಕದಲ್ಲಿ ಒಂದು ಸಣ್ಣ ಚೌಕ, ಅದರೊಳಗೆ ವರ್ಷದ ಗುಟ್ಟು. 1954ರಿಂದ ರೋಮನ್ ಅಂಕೆಗಳಲ್ಲಿ ವರ್ಷ ಬರೆದರು, ಹತ್ತು ಅಂದರೆ 1954. 1974ರಲ್ಲಿ ಮೂವತ್ತಕ್ಕೆ ಬಂದಾಗ ಪದ್ಧತಿ ಬದಲಿಸಿ, 1975ರಿಂದ ಎರಡು ಅಕ್ಷರ ಹಾಕತೊಡಗಿದರು. ಎ-ಎ ಅಂದರೆ 1975, ಎ-ಬಿ ಅಂದರೆ 1976, ಹೀಗೆ. ಕೆಲವು ಅಕ್ಷರ ಬಿಟ್ಟು ಹೋಗುತ್ತಾರೆ, ಹಾಗಾಗಿ ಎ-ಎಫ್ 1980, ಅದರ ಮುಂದಿನ ವರ್ಷ ಎ-ಎಚ್. ಎ-ಜೆಡ್ 1990ಕ್ಕೆ ಮುಗಿದು, 1991ರಿಂದ ಮೊದಲ ಅಕ್ಷರ ಬಿ ಆಯಿತು.

ಈ ಮುದ್ರೆಗಳು ಇಲ್ಲದಿರಲು ಕಾರಣ ಸಾಮಾನ್ಯವಾಗಿ ಅರ. ಅಮೆರಿಕದಲ್ಲಿ ಅಂತರ್ಯುದ್ಧದ ವೇಷ ಹಾಕಿ ಕಾಳಗ ಆಡುವವರ ದೊಡ್ಡ ಬಳಗ ಇದೆ. 'ಮೇಡ್ ಇನ್ ಇಟಲಿ', 'ಬ್ಲಾಕ್ ಪೌಡರ್ ಓನ್ಲಿ' ಅಂತ ನಳಿಗೆ ಮೇಲೆ ಇದ್ದರೆ ಅವರಿಗೆ ಮುಜುಗರ. ಅರದಲ್ಲಿ ಉಜ್ಜಿ, ಆಸಿಡ್ ಹಚ್ಚಿ ಹಳೆಯದರಂತೆ ಮಾಡುತ್ತಾರೆ. ಇನ್ನೊಂದು ದಾರಿ ಕಿಟ್. ಒರಟು ಭಾಗಗಳನ್ನು ಅಗ್ಗಕ್ಕೆ ಕೊಂಡು ಮನೆಯಲ್ಲೇ ಉಜ್ಜಿ ಜೋಡಿಸುವುದು. ಆ ಉಜ್ಜಾಟದಲ್ಲೂ ಮುದ್ರೆ ಹೋಗುತ್ತದೆ. ಆಡಲು ಉಜ್ಜಿದರೆ ನನ್ನ ತಕರಾರಿಲ್ಲ. ಆದರೆ ಉಜ್ಜಿದವರು ಹಿಡಿಯ ಒಳಗಾದರೂ ಒಂದು ಚೀಟಿ ಬರೆದಿಡಬೇಕು. ಅವರು ಹೋದ ಮೇಲೆ ಆ ಗನ್ನು ಯಾರದೋ ಕೈಗೆ ಸಿಕ್ಕು 'ಅಸಲಿ' ಆಗಿ ಮಾರಾಟವಾಗುತ್ತದೆ. ಮೋಸ ಹೋಗುವವನು ಮೂರನೆಯವನು.

ಉಜ್ಜುವವರು ಸಾಮಾನ್ಯವಾಗಿ ಮರೆಯುವ ಜಾಗ ಎರಡು. ಒಂದು, ಮರದ ಹಿಡಿಯ ಒಳಗೆ ಅಡಗಿದ ಲೋಹ. ಇನ್ನೊಂದು, ನಳಿಗೆಯ ಅಡಿಯಲ್ಲಿ ಲಿವರ್ ಮುಚ್ಚುವ ಜಾಗ. ಹಿಡಿ ಬಿಚ್ಚಿದರೆ ಏನೂ ಇರಲಿಲ್ಲ. ಲಿವರ್ ಕಳಚಿದಾಗ ಅದರ ನೆರಳಿನ ಜಾಗದಲ್ಲಿ ಅರದ ಗೀಚು ಕಂಡಿತು, ಗೀಚಿನ ಅಂಚಿನಲ್ಲಿ ಅರ್ಧ ಚೌಕ. ಓರೆ ಬೆಳಕು ಬಿಟ್ಟು ಭೂತಕನ್ನಡಿಯಲ್ಲಿ ನೋಡಿದೆವು. ಮೊದಲ ಅಕ್ಷರದ ಎರಡು ಕಾಲು, ಕೆಳಗೆ ಅಗಲವಾಗಿ, ಮೇಲೆ ಹತ್ತಿರ ಬರುವಂತೆ ಕಂಡವು: ಎ. ಎರಡನೆಯದರ ಕೆಳಗಿನ ಅರ್ಧ ಮಾತ್ರ ಉಳಿದಿತ್ತು. ಎಡಕ್ಕೆ ಒಂದು ನೇರ ಗೆರೆ, ಬುಡದಲ್ಲಿ ಬಲಕ್ಕೆ ಚಾಚಿದ ಅಡ್ಡಗೆರೆ. ಬಲಗಡೆ ಬಾಗು ಇಲ್ಲ, ಹಾಗಾಗಿ ಬಿ ಅಲ್ಲ, ಡಿ ಅಲ್ಲ. ರೋಮನ್ ಅಕ್ಷರಗಳಲ್ಲಿ ಹೀಗೆ ಕಾಲು ಚಾಚುವುದು ಇ ಅಥವಾ ಎಲ್. ಎ-ಇ ಅಂದರೆ 1979. ಎ-ಎಲ್ ಅಂದರೆ 1983. ಮೇಲಿನ ಅರ್ಧ ಅರಕ್ಕೆ ಬಲಿಯಾಗಿತ್ತು, ಅಷ್ಟಕ್ಕೇ ನಿಲ್ಲಿಸಿದೆವು.

ತಯಾರಕರ ಮುದ್ರೆಯೂ ಸಾಮಾನ್ಯವಾಗಿ ಅಲ್ಲೇ ಸುತ್ತಮುತ್ತ ಇರುತ್ತದೆ. ಉಬೆರ್ಟಿಯವರದ್ದು ಎಂಟು ಮೂಲೆಯ ಚೌಕಟ್ಟಿನಲ್ಲಿ 'ಎ ಯು'. ಪಿಯೆಟ್ಟಾದವರದ್ದು ವಜ್ರಾಕಾರದೊಳಗೆ 'ಎಫ್ ಎ ಪಿ'. ಇದರಲ್ಲಿ ಎರಡೂ ಸಿಗಲಿಲ್ಲ. ಹಿಡಿಯ ಬುಡ ಹಿಂದಕ್ಕೆ ಚೆನ್ನಾಗಿ ಅರಳಿದೆ, ಹಳೆ ಪಿಯೆಟ್ಟಾಗಳ ಹಿಡಿ ಹೀಗೇ ಇರುತ್ತಿತ್ತು. ಉಬೆರ್ಟಿಯ ಹಿಡಿ ಅಸಲಿ ಕೋಲ್ಟ್‌ಗೆ ಇನ್ನೂ ಹತ್ತಿರ. ಆದರೆ ಹಿಡಿಯ ಬಾಗು ನೋಡಿ ಕಂಪನಿ ಹೆಸರು ಬರೆದುಕೊಡುವುದು ನನಗೆ ಒಪ್ಪಿಗೆಯಿಲ್ಲ. ಆ ಕಣಿವೆಯಲ್ಲಿ ಒಬ್ಬರ ಎರಕ ಇನ್ನೊಬ್ಬರ ಅಂಗಡಿಗೆ ಹೋಗುತ್ತಿತ್ತು. 'ಇಟಲಿ, ವಾಲ್ ತ್ರೋಂಪಿಯಾ, 1979 ಅಥವಾ 1983' ಎಂದಷ್ಟೇ ಬರೆದುಕೊಟ್ಟೆ.

ಇನ್ನು ಕ್ಯಾಲಿಬರ್. ನಿಜ ಹೇಳಬೇಕೆಂದರೆ ಗೆಳೆಯರಿಗೆ ಜಾಸ್ತಿ ತಲೆ ಕೆಟ್ಟದ್ದು ಇಲ್ಲೇ. 44 ಅಂತ ನಾನು ಹೇಳಿದ್ದೇ ತಡ, ಅವರು ಒಂದು ಅಂಗಡಿಗೆ ಹೋಗಿ '44ರ ಸೀಸದ ಗುಂಡು ಕೊಡಿ' ಎಂದು ಕೇಳಿ ಒಂದು ಡಬ್ಬಿ ತಂದರು. ಅದು 44 ಮ್ಯಾಗ್ನಮ್ ಎಂಬ ಈ ಕಾಲದ ತೋಟಾಕ್ಕೆ (ಮದ್ದು, ಗುಂಡು, ಕೇಪು ಒಂದೇ ಕೊಳವೆಯಲ್ಲಿ ಇರುವಂಥದ್ದು) ಹಾಕುವ ಗುಂಡು. ಚೇಂಬರಿನ ಬಾಯಿಗೆ ಇಟ್ಟರೆ ಸರಕ್ಕನೆ ಒಳಗೆ ಜಾರಿತು, ಸಿಲಿಂಡರ್ ಬಗ್ಗಿಸಿದರೆ ಹಾಗೇ ಹೊರಗೆ ಬಿತ್ತು. '44ರ ಗನ್ನಿಗೆ 44ರ ಗುಂಡು ಸಡಿಲ ಅಂದರೆ ಏನರ್ಥ?' ಅಂದರು. ನ್ಯಾಯವಾದ ಪ್ರಶ್ನೆ, ಅಲ್ವಾ?

ಇಲ್ಲಿ ಮನೆ ಕಟ್ಟುವವರು ಮರದಂಗಡಿಯಲ್ಲಿ 'ಟೂ ಬೈ ಫೋರ್' ಕೇಳುತ್ತಾರೆ. ಅಳೆದರೆ ಅದು ಒಂದೂವರೆ ಇಂಚು, ಮೂರೂವರೆ ಇಂಚು. ಗನ್ನಿನ 44 ಕೂಡ ಆ ಜಾತಿಯದ್ದೇ. ಅಳತೆಯಾಗಿ ಹುಟ್ಟಿತು, ಆಮೇಲೆ ಹೆಸರಾಗಿ ಉಳಿಯಿತು.

ಮೊದಲು ನಳಿಗೆಗೆ ನೇರ ತೂತು ಕೊರೆಯುತ್ತಾರೆ. ಆಮೇಲೆ ಅದರ ಗೋಡೆಯಲ್ಲಿ ಸುರುಳಿ ಗೀರು ಕೊಯ್ಯುತ್ತಾರೆ, ಗುಂಡು ತಿರುಗಿಕೊಂಡು ಹೋಗಲಿ ಅಂತ. ಗೀರುಗಳ ನಡುವೆ ಉಳಿದ ಭಾಗ ದಿಣ್ಣೆ. ಕೇಪಿನ ಕಾಲದಲ್ಲಿ ಹೆಸರು ಕೊಟ್ಟಿದ್ದು ಮೊದಲ ತೂತಿಗೆ, ಅಂದರೆ ದಿಣ್ಣೆಯಿಂದ ದಿಣ್ಣೆಗೆ. 44 ಅಂದರೆ 0.44 ಇಂಚಿನ ತೂತು. ಗುಂಡು ಗೀರಿನ ತಳದವರೆಗೂ ತುಂಬಬೇಕು, ಇಲ್ಲದಿದ್ದರೆ ಗಾಳಿ ಸೋರುತ್ತದೆ. ಗೀರಿನಿಂದ ಗೀರಿಗೆ ಸುಮಾರು 0.45 ಇಂಚು. ಹಾಗಾಗಿ 44ರ ಕೇಪಿನ ರಿವಾಲ್ವರಿಗೆ ಹಾಕುವ ಉಂಡೆ ಗುಂಡು 0.451 ಅಥವಾ 0.454 ಇಂಚು. ಮ್ಯಾಗ್ನಮ್‌ನ 44 ಬೇರೆ ವಂಶ. ಅದರ ಗುಂಡು 0.429 ಇಂಚು ಮಾತ್ರ.

36ರ ಕಥೆ ಇನ್ನೂ ತಮಾಷೆ. ತೂತು 0.36, ಗುಂಡು 0.375. 1870ರ ದಶಕದಲ್ಲಿ ಕೇಪಿನ ರಿವಾಲ್ವರುಗಳನ್ನು ತೋಟಾ ಹಾಕುವಂತೆ ತಿದ್ದಿದರು. 36ರ ನಳಿಗೆಗೆ ಸರಿಯಾದ ದಪ್ಪದ ಗುಂಡು ಬೇಕಲ್ಲ. ಗುಂಡಿನ ಬುಡ ಮಾತ್ರ ಸಣ್ಣ ಮಾಡಿ ತೋಟಾದೊಳಗೆ ತೂರಿಸಿದರು. ಮೇಲಿನ ಭಾಗ ತೋಟಾದಷ್ಟೇ ದಪ್ಪ. ತೋಟಾದ ಹೊರಮೈ 0.38 ಇಂಚಿನ ಹತ್ತಿರ ಇತ್ತು. ಹೊಸ ತೋಟಾಕ್ಕೆ 38 ಅಂತ ಹೆಸರು ಬಿತ್ತು. ಮುಂದೆ ಗುಂಡನ್ನು ಪೂರ್ತಿ ತೋಟಾದೊಳಗೆ ಕೂರಿಸಿದಾಗ ಗುಂಡು ಸಣ್ಣದಾಗಿ 0.357ಕ್ಕೆ ಇಳಿಯಿತು. ಹೆಸರು ಮಾತ್ರ 38 ಆಗಿಯೇ ಉಳಿಯಿತು. ಹೀಗೆ 36ರ ಗುಂಡು 38ರ ಗುಂಡಿಗಿಂತ ದಪ್ಪ! ಇದನ್ನು ಹೇಳಿದಾಗ ಗೆಳೆಯರು ಕಾಗದ ಪೆನ್ನು ತಂದರು.

ನಮ್ಮ ಕಡೆ 12 ಬೋರಿನ ಕೋವಿ ಎಲ್ಲರಿಗೂ ಗೊತ್ತು. ಅಲ್ಲಿ 12 ಅನ್ನುವುದು ಇಂಚೂ ಅಲ್ಲ, ಮಿಲಿಮೀಟರೂ ಅಲ್ಲ. ನಳಿಗೆಗೆ ಸರಿಯಾಗಿ ಕೂರುವ ಸೀಸದ ಉಂಡೆಗಳು ಒಂದು ಪೌಂಡಿಗೆ 12 ಬರುತ್ತವೆ ಎಂದರ್ಥ. ಆ ಲೆಕ್ಕ ರಿವಾಲ್ವರಿಗೂ ಇತ್ತು. ಬ್ರಿಟಿಷ್ ಸೈನ್ಯ 1856ರಲ್ಲಿ ಒಪ್ಪಿಕೊಂಡ ಬೋಮಾಂಟ್-ಆಡಮ್ಸ್ ರಿವಾಲ್ವರನ್ನು 54 ಬೋರ್ ಅನ್ನುತ್ತಿದ್ದರು. ಪೌಂಡಿಗೆ 54 ಉಂಡೆ. ಇಂಚಿಗೆ ತಂದರೆ 0.442. ಕೋಲ್ಟ್‌ನ 44ಕ್ಕೆ ಹೆಚ್ಚುಕಡಿಮೆ ಜೋಡಿ. ಬೋರಿನ ಲೆಕ್ಕದಲ್ಲಿ ನಂಬರು ದೊಡ್ಡದಾದಷ್ಟೂ ಗುಂಡು ಸಣ್ಣದು ಅನ್ನುವುದನ್ನು ನೆನಪಿಟ್ಟುಕೊಂಡರೆ ಸಾಕು.

ಈಗ ನಮ್ಮ ಗನ್ನಿನ ಅಳತೆ. ಚೇಂಬರಿನ ಬಾಯಿಗೆ ಕ್ಯಾಲಿಪರ್ ಒಳಗಿಟ್ಟು ಅಳೆದರೆ 0.446 ಇಂಚು. ಗನ್‌ಸ್ಮಿತ್ ಹೊರತೆಗೆದ ಗುಂಡಿನ ಸೊಂಟದಲ್ಲಿ ಒಂದು ಚಪ್ಪಟೆ ಪಟ್ಟಿ ಬಿದ್ದಿತ್ತು, ಅದೂ 0.446. ಚೇಂಬರಿಗಿಂತ ದಪ್ಪ ಉಂಡೆಯನ್ನು ಗಜದಿಂದ ಒತ್ತಿದಾಗ ಬಾಯಿಯ ಅಂಚು ಸೀಸವನ್ನು ಬಳೆಯಂತೆ ಹೆರೆದು ಹಾಕುತ್ತದೆ, ಉಳಿದದ್ದು ಗೋಡೆಗೆ ಬಿಗಿಯಾಗಿ ಕಚ್ಚುತ್ತದೆ. ಹೀಗೆ ಕಚ್ಚಲೇಬೇಕು. ಸಡಿಲ ಇದ್ದರೆ ಒಂದು ಚೇಂಬರಿನ ಬೆಂಕಿ ಪಕ್ಕದ ಚೇಂಬರಿಗೆ ನುಗ್ಗಿ ಒಟ್ಟೊಟ್ಟಿಗೆ ಹಾರುವ ಅಪಾಯ ಇದೆ. ಅಂಗಡಿಯ 0.429ರ ಗುಂಡನ್ನು ಯಾರಾದರೂ ಬಟ್ಟೆ ಸುತ್ತಿ ತುಂಬಿದ್ದರೆ ಕೈಗೇ ಕುತ್ತು ಬರಬಹುದಿತ್ತು.

ನಳಿಗೆ ಅಳೆಯುವುದು ಸ್ವಲ್ಪ ಕಿರಿಕಿರಿ. ದಿಣ್ಣೆಗಳ ನಡುವೆ 0.440 ಇಂಚಿನ ಅಳತೆಗೂಟ ಸರಾಗ ಹೋಯಿತು, 0.442 ಹೋಗಲಿಲ್ಲ. ಗೀರಿನ ಅಳತೆಗೆ ಮೆತ್ತನೆಯ ಸೀಸದ ಉಂಡೆಯನ್ನು ಎಣ್ಣೆ ಹಚ್ಚಿ, ಕಳಚಿದ ನಳಿಗೆಯೊಳಗೆ ಮರದ ಕೋಲಿನಿಂದ ತಟ್ಟಿ ಆಚೆ ತೆಗೆದೆವು. ಉಂಡೆಯ ಮೇಲೆ ಗೀರಿನ ಅಚ್ಚು ಬರುತ್ತದೆ. ಆದರೆ ಇದರಲ್ಲಿ ಗೀರು ಏಳು, ಬೆಸ ಸಂಖ್ಯೆ. ಒಂದು ಗೀರಿನ ಎದುರಿಗೆ ಇನ್ನೊಂದು ಗೀರು ಇರುವುದಿಲ್ಲ, ದಿಣ್ಣೆ ಇರುತ್ತದೆ. ಎರಡು ದವಡೆಯ ಕ್ಯಾಲಿಪರ್ ಹಿಡಿದರೆ ಸುಳ್ಳು ಅಳತೆ, ನಮಗೆ 0.447 ತೋರಿಸಿತು. ಕೂದಲೆಳೆಯಷ್ಟು ತೆಳು ಉಕ್ಕಿನ ಪಟ್ಟಿಯನ್ನು ಉಂಡೆಗೆ ಬಿಗಿಯಾಗಿ ಸುತ್ತಿ, ತಿರುಗಿಸುತ್ತಾ ಅಳೆದು, ಪಟ್ಟಿಯ ದಪ್ಪದ ಎರಡರಷ್ಟು ಕಳೆದಾಗ 0.451 ಸಿಕ್ಕಿತು. ಮುದ್ರೆಯಿಲ್ಲದ ಎಷ್ಟೋ ಗನ್ನುಗಳಿಗೆ ತಪ್ಪು ಕ್ಯಾಲಿಬರ್ ಅಂಟುವುದು ಇದೇ ಏಳು ಗೀರಿನಿಂದ.

ಒಟ್ಟಿನಲ್ಲಿ ದಿಣ್ಣೆಗೆ 0.440, ಗೀರಿಗೆ 0.451, ಚೇಂಬರಿಗೆ 0.446. ಹೆಸರು 44. ಹಾಕಬೇಕಾದ ಉಂಡೆ 0.451, ಅದೇ ಬಿಗಿಯಾಗಿ ಹೆರೆದು ಕೂರುತ್ತದೆ. ಚೇಂಬರ್ ಗೀರಿಗಿಂತ ಚಿಕ್ಕದು ಅನ್ನುವುದನ್ನು ಗಮನಿಸಿ. ಹಳೆ ಅಗ್ಗದ ನಕಲುಗಳಲ್ಲಿ ಇದು ಮಾಮೂಲಿ ದೋಷ. ಚೇಂಬರಿನಲ್ಲಿ ಸಣ್ಣಗಾದ ಗುಂಡು ನಳಿಗೆಯ ಗೀರನ್ನು ಪೂರ್ತಿ ತುಂಬುವುದಿಲ್ಲ, ಗುರಿ ಚದುರುತ್ತದೆ.

ಕ್ಲಬ್ಬಿನಲ್ಲಿ ಒಬ್ಬರು 'ಇದು ನಿಜಕ್ಕೂ 45, ತೋಟಾ ಸಿಲಿಂಡರ್ ಹಾಕಿದರೆ 45 ಕೋಲ್ಟ್ ತೋಟಾ ಹೊಡೆಯಬಹುದು' ಅಂದರು. ಅರ್ಧ ನಿಜ. 45 ಕೋಲ್ಟ್‌ನ ಗುಂಡು 0.452ರ ಹತ್ತಿರ ಇರುವುದರಿಂದಲೇ ಉಕ್ಕಿನ ಫ್ರೇಮಿನ 44 ನಕಲುಗಳಿಗೆ ಅಂಥ ಸಿಲಿಂಡರ್ ಮಾರುತ್ತಾರೆ. ಹಿತ್ತಾಳೆ ಫ್ರೇಮಿಗೆ ಹಾಕಬೇಡಿ ಎಂದು ಮಾಡಿದವರೇ ಬರೆದಿರುತ್ತಾರೆ. ಇದರ ಫ್ರೇಮೇ ಅದಕ್ಕೆ ಕಾರಣ ತೋರಿಸುತ್ತಿತ್ತು. ಸಿಲಿಂಡರಿನ ಬೆನ್ನು ತಾಗುವ ಹಿತ್ತಾಳೆ ಗೋಡೆಯ ಮೇಲೆ ಸಿಲಿಂಡರಿನ ಹಿಂದಿರುವ ಹಲ್ಲುಗಳ ಅಚ್ಚು ಉಂಗುರದಂತೆ ಒತ್ತಿಕೊಂಡಿತ್ತು. ಪ್ರತಿ ಈಡಿಗೂ ಸಿಲಿಂಡರ್ ಹಿಂದಕ್ಕೆ ಬಡಿದು ಮೆತ್ತನೆಯ ಲೋಹವನ್ನು ಒತ್ತಿದ ಗುರುತು ಅದು. ಸಿಲಿಂಡರ್ ಸುತ್ತುವ ನಡುವಿನ ಅಚ್ಚುಗೂಟವೂ ಫ್ರೇಮಿನಲ್ಲಿ ಸ್ವಲ್ಪ ಅಲುಗಾಡುತ್ತಿತ್ತು. ಹಿಂದಿನ ಮಾಲೀಕ ಚೆನ್ನಾಗಿ, ಜಾಸ್ತಿ ಮದ್ದು ಹಾಕಿಯೇ ಹೊಡೆದಿದ್ದಾನೆ. ಇನ್ನು ಇದರಲ್ಲಿ ಹೊಡೆಯಬೇಡಿ ಎಂದೆ. ಅಚ್ಚುಗೂಟ ಸಡಿಲವಾದ ಹಿತ್ತಾಳೆ ಫ್ರೇಮಿಗೆ ರಿಪೇರಿ ಮಾಡಿಸುವ ಖರ್ಚಿಗೆ ಹೊಸದೇ ಬರುತ್ತದೆ. ಹೊಸ ಹಿತ್ತಾಳೆ ನಕಲು 200–300 ಡಾಲರ್ ಆಸುಪಾಸು. ಹೊಗೆಯಿಲ್ಲದ ಆಧುನಿಕ ಮದ್ದನ್ನಂತೂ ಇಂಥ ಯಾವ ಗನ್ನಿಗೂ, ಎಷ್ಟೇ ಗಟ್ಟಿ ಇರಲಿ, ಹಾಕಕೂಡದು. ಸಿಲಿಂಡರ್ ಸಿಡಿಯುತ್ತದೆ.

ಸೀರಿಯಲ್ ನಂಬರಿಲ್ಲದ ಗನ್ನು ಇಟ್ಟುಕೊಂಡರೆ ಪೊಲೀಸರು ಬರುತ್ತಾರಾ ಅನ್ನುವ ಭಯವೂ ಗೆಳೆಯರಿಗೆ ಇತ್ತು. ಅಮೆರಿಕದ 1968ರ ಫೆಡರಲ್ ಕಾನೂನು ತೋಟಾ ಹಾಕಲಾಗದ ಇಂಥ ನಕಲುಗಳನ್ನು ಪುರಾತನ ವಸ್ತುಗಳ ಸಾಲಿಗೆ ಸೇರಿಸುತ್ತದೆ. ನಂಬರಿನ ಕಟ್ಟುಪಾಡು ಇವಕ್ಕಿಲ್ಲ. ಆದರೆ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ಪಕ್ಕದ ನ್ಯೂಜೆರ್ಸಿಯಲ್ಲಿ ಇದನ್ನು ಕೊಳ್ಳಲು ಮಾಮೂಲಿ ಕೈಗನ್ನಿನಂತೆ ಪರ್ಮಿಟ್ ಬೇಕು. ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಗಡಿ ದಾಟುವ ಮುಂಚೆ ನೋಡಿಕೊಳ್ಳಬೇಕು.

ಮೈಸೂರಿನಲ್ಲಿರುವ ಅವರ ಭಾವನಿಗೆ ಇದನ್ನು ಗೋಡೆಗೆ ನೇತುಹಾಕುವ ಆಸೆಯಂತೆ. 'ಸುಮ್ನೆ ಶೋಪೀಸ್ ತಾನೇ, ಸೂಟ್‌ಕೇಸಿನಲ್ಲಿ ತರಲಾ?' ಅಂದರು. ಬೇಡವೇ ಬೇಡ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ, ಬಾಯಿಂದ ಮದ್ದು ತುಂಬುವ ಕೋವಿಗೂ ಲೈಸೆನ್ಸ್ ಬೇಕು. ಕೊಡಗಿನವರಿಗೆ ಇರುವ ವಿನಾಯಿತಿ ಅಲ್ಲಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಸೀಮಿತ. ಲೈಸೆನ್ಸಿಲ್ಲದೆ ವಿಮಾನದಲ್ಲಿ ರಿವಾಲ್ವರ್ ತಂದವನಿಗೆ 'ನಕಲು' ಅನ್ನುವ ಮಾತು ಕಸ್ಟಮ್ಸ್ ಕೌಂಟರಿನಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಕೊನೆಗೆ ಗೆಳೆಯರು ನಿಪ್ಪಲ್‌ಗಳನ್ನು ತೆಗೆದು ಬೇರೆ ಡಬ್ಬಿಯಲ್ಲಿ ಇಟ್ಟರು. ಒಂದು ಚೀಟಿ ಬರೆದು ಹಿಡಿಯ ಮರದೊಳಗೆ ಸೇರಿಸಿದೆವು: 'ಇಟಲಿಯ ನಕಲು, 1979 ಅಥವಾ 1983. ಹಿತ್ತಾಳೆ ಫ್ರೇಮು, 44. ಉಂಡೆ 0.451, ಕರಿಮದ್ದು ಮಾತ್ರ. ಅಚ್ಚುಗೂಟ ಸಡಿಲ, ಹೊಡೆಯಬೇಡಿ.' 44 ಮ್ಯಾಗ್ನಮ್ ಗುಂಡಿನ ಡಬ್ಬಿಯನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಸೀಸ ಕರಗಿಸಿ 0.451ರ ಉಂಡೆ ಎರಕ ಹೊಯ್ದುಕೊಳ್ಳೋಣ ಅಂದುಕೊಂಡಿದ್ದೆ. ಆದರೆ ಆ ಗುಂಡುಗಳಲ್ಲಿ ತವರ, ಆಂಟಿಮನಿ ಬೆರೆತು ಗಟ್ಟಿಯಾಗಿರುತ್ತವೆ. ಕೇಪಿನ ರಿವಾಲ್ವರಿನ ಗಜಕ್ಕೆ ಮೆತ್ತನೆಯ ಶುದ್ಧ ಸೀಸವೇ ಬೇಕು.